ಘಾಟಿ ತಲೆಯ ಬಂಕಿನಲ್ಲಿ ಲೆಕ್ಕ ಹೊಂದಿಸುವುದು

ಬೆಂಗಳೂರಿನಲ್ಲಿ ಪೆಟ್ರೋಲ್ ಬಂಕ್ ನೋಡಿಕೊಂಡವರು ನೀವು. ಈಗ ಸಕಲೇಶಪುರದ ಕಡೆ ಒಂದು ಬಂಕ್ ವಹಿಸಿಕೊಳ್ಳುವ ಯೋಚನೆ ಇದೆ, ಲೆಕ್ಕ ಎಲ್ಲ ಕಡೆ ಒಂದೇ ಅಲ್ವಾ ಅಂತ ಕೇಳಿದ್ದೀರಿ. ಪುಸ್ತಕ ಒಂದೇ, ಟ್ಯಾಂಕು, ನಾಝಲ್, ಟ್ಯಾಂಕಿಗೆ ಇಳಿಸಿ ಎಣ್ಣೆಯ ಮಟ್ಟ ಅಳೆಯುವ ಡಿಪ್ ರಾಡು ಎಲ್ಲ ಒಂದೇ. ಆದರೆ ಇಲ್ಲಿಯ ಮಳೆ, ಚಳಿ, ಘಾಟಿ, ಕಾಫಿ ತೋಟ ನಾಲ್ಕೂ ಆ ಪುಸ್ತಕದೊಳಗೆ ಬಂದು ಕೂರುತ್ತವೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ಹಾಸನ ಜಿಲ್ಲೆಯ ಅಂಚು. ಹೆದ್ದಾರಿ 75ರಲ್ಲಿ ದೋಣಿಗಲ್, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿದರೆ ಗುಂಡ್ಯ, ಅಲ್ಲಿಗೆ ದಕ್ಷಿಣ ಕನ್ನಡ ಬಂತು. ಹಿಂದಕ್ಕೆ ಹಾಸನದ ಕಡೆ ಹೋದರೆ ಆಲೂಗಡ್ಡೆ, ಜೋಳದ ಬಯಲು. ನಡುವೆ ನಾವು. ಬಂಕಿಗೆ ಎರಡು ಥರದ ಗಿರಾಕಿ. ಮಂಗಳೂರು ಬಂದರಿನ ಲಾರಿ, ಶನಿವಾರ ಭಾನುವಾರದ ಬೆಂಗಳೂರಿನ ಕಾರು, ಇವೆಲ್ಲ ದುಡ್ಡು ಕೊಟ್ಟು ಹೋಗುವ ಗಾಡಿಗಳು. ತೋಟದ ಜೀಪು, ಪಿಕಪ್ಪು ಉದ್ರಿ ಬರೆಸಿ ಹೋಗುವ ಗಾಡಿಗಳು. ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಕಲಸಬೇಡಿ.

ದಿನ ಶುರುವಾಗುವುದು ಬೆಳಗ್ಗೆ 6ಕ್ಕೆ. 2017ರ ಜೂನ್ 16ರಿಂದ ದೇಶದಲ್ಲೆಲ್ಲ ಹೊಸ ದರ ಜಾರಿಗೆ ಬರುವುದು ಆ ಹೊತ್ತಿಗೆ. ಒಮ್ಮೊಮ್ಮೆ ತಿಂಗಳುಗಟ್ಟಲೆ ದರ ಅಲುಗಾಡದೆ ಇದ್ದರೂ 6ರ ಮೀಟರ್ ರೀಡಿಂಗ್ ಬಿಡಬಾರದು. 6ಕ್ಕೆ ಎರಡು ಕೆಲಸ. ಒಬ್ಬ ಎಲ್ಲ ನಾಝಲ್‌ಗಳ ಟೋಟಲೈಸರ್, ಅಂದರೆ ಒಟ್ಟು ಎಷ್ಟು ಲೀಟರ್ ಹೋಯಿತು ಅಂತ ತೋರಿಸುವ ಮೀಟರ್, ಓದಬೇಕು. ಇನ್ನೊಬ್ಬ ಡಿಪ್ ಹಾಕಬೇಕು. ಟ್ಯಾಂಕಿನೊಳಗೆ ಆಟೋಮೇಷನ್ ಪ್ರೋಬ್ ಇದೆ, ಕಂಪ್ಯೂಟರಿನಲ್ಲಿ ಲೀಟರ್ ತೋರಿಸುತ್ತದೆ, ನಿಜ. ಆದರೂ ರಾಡ್ ಇಳಿಸಿ. ಕರೆಂಟ್ ಹೋಗಿ ಬಂದ ದಿನ ಯಾವುದನ್ನು ನಂಬಬೇಕು ಅಂತ ಆಗ ಗೊತ್ತಾಗುತ್ತದೆ.

ಒಂದು ದಿನದ ಡೀಸೆಲ್ ಲೆಕ್ಕ ಹೀಗಿದೆ ಅಂದುಕೊಳ್ಳಿ. ನಿನ್ನೆ ಬೆಳಗ್ಗೆ ಟ್ಯಾಂಕಿನಲ್ಲಿ 6,420 ಲೀಟರ್. ಮಧ್ಯಾಹ್ನ ಟ್ಯಾಂಕರಿನಲ್ಲಿ ಬಂದ ಲೋಡು 12,000. ಮೀಟರ್ ಓಡಿದ್ದು 4,310. ಅದರಲ್ಲಿ 10 ಲೀಟರ್ ಟೆಸ್ಟಿಂಗ್, ಅಳೆದು ವಾಪಸ್ ಟ್ಯಾಂಕಿಗೇ ಸುರಿದದ್ದು. ಹಾಗಾಗಿ ನಿಜವಾದ ಮಾರಾಟ 4,300. ಪುಸ್ತಕದ ಪ್ರಕಾರ ಇವತ್ತು ಇರಬೇಕಾದದ್ದು 14,120. ರಾಡಿನ ಮಟ್ಟವನ್ನು ಲೀಟರಿಗೆ ತಿರುಗಿಸುವ ಡಿಪ್ ಚಾರ್ಟಿನಲ್ಲಿ ಬಂದದ್ದು 14,085. 35 ಲೀಟರ್ ಶಾರ್ಟು.

ಹೊಸಬರು ಇಲ್ಲಿಯೇ ಗಾಬರಿ ಆಗುತ್ತಾರೆ. ಸ್ವಲ್ಪ ತಾಳಿ. ನೆಲದೊಳಗಿನ ಟ್ಯಾಂಕು ಅಡ್ಡ ಮಲಗಿಸಿದ ಪೀಪಾಯಿ ಇದ್ದ ಹಾಗೆ. 20,000 ಲೀಟರಿನ ಟ್ಯಾಂಕಿನಲ್ಲಿ ನಡುಮಟ್ಟಕ್ಕೆ ಬಂದಾಗ ರಾಡಿನ ಒಂದು ಮಿಲಿಮೀಟರ್ ಅಂದರೇ ಹತ್ತಕ್ಕೂ ಜಾಸ್ತಿ ಲೀಟರ್. ತಳದಲ್ಲಿ, ಮೇಲ್ಭಾಗದಲ್ಲಿ ಅದೇ ಮಿಲಿಮೀಟರಿಗೆ ಕಮ್ಮಿ. 35 ಲೀಟರ್ ಅಂದರೆ ರಾಡಿನ ಮೇಲೆ ಮೂರು ಗೆರೆ. ಒಂದು ದಿನದ ಶಾರ್ಟು ಏನನ್ನೂ ಹೇಳುವುದಿಲ್ಲ. ಅದು ಯಾವಾಗ ಬರುತ್ತದೆ, ಯಾವ ಕಡೆಗೆ ಬರುತ್ತದೆ ಅನ್ನುವುದು ಎಲ್ಲವನ್ನೂ ಹೇಳುತ್ತದೆ. ನಾನು ದಿನದ ಮಾರಾಟ, ಸ್ಟಾಕ್ ಬರೆಯುವ ಡಿ.ಎಸ್.ಆರ್. ಪುಸ್ತಕದಲ್ಲಿ ವ್ಯತ್ಯಾಸದ ಕಾಲಂ ಪಕ್ಕಕ್ಕೆ ತಿಂಗಳ ಮೊದಲಿಂದ ಕೂಡಿಸಿಕೊಂಡು ಬರುವ ಇನ್ನೊಂದು ಕಾಲಂ ಎಳೆಸುವುದು ಅದಕ್ಕೇ.

ಲೋಡ್ ಬಂದ ದಿನ ಮಾತ್ರ ಶಾರ್ಟ್ ಬಂದರೆ ಎರಡು ಕಾರಣ ನೋಡಿ. ಒಂದು ಚಳಿ. ಸಾವಿರ ಲೀಟರ್ ಪೆಟ್ರೋಲ್ ಒಂದು ಡಿಗ್ರಿ ತಣ್ಣಗಾದರೆ ಹೆಚ್ಚುಕಮ್ಮಿ 1.2 ಲೀಟರ್ ಕುಗ್ಗುತ್ತದೆ. ಡೀಸೆಲ್ ಅದಕ್ಕಿಂತ ಕಮ್ಮಿ, 0.8ರ ಹತ್ತಿರ. ಬಿಸಿಲಲ್ಲಿ ನಿಂತು ಬಂದ 8,000 ಲೀಟರ್ ಪೆಟ್ರೋಲ್ ನಮ್ಮ ತಣ್ಣನೆ ನೆಲದೊಳಗೆ ಇಳಿದು 5 ಡಿಗ್ರಿ ತಣ್ಣಗಾಯಿತು ಅನ್ನಿ, 48 ಲೀಟರ್ ಹೋಯಿತು. ಯಾರೂ ಕದ್ದಿಲ್ಲ. ಎಣ್ಣೆಯ ಡೆನ್ಸಿಟಿಯನ್ನು (ಸಾಂದ್ರತೆ) 15 ಡಿಗ್ರಿಯ ಲೆಕ್ಕಕ್ಕೆ ತಂದು ಇನ್ವಾಯ್ಸ್ ಜೊತೆ ಹೋಲಿಸುವುದೂ ಇದಕ್ಕೇ. ಘನ ಮೀಟರಿಗೆ 3 ಕೆ.ಜಿ.ಗಿಂತ ಜಾಸ್ತಿ ಫರಕ್ ಬಂದರೆ ಲೋಡ್ ಇಳಿಸಬೇಡಿ, ಕಂಪನಿಯವರಿಗೆ ಫೋನ್ ಮಾಡಿ.

ಇನ್ನೊಂದು ಕಾರಣ ಟ್ಯಾಂಕರ್ ನಿಂತ ಜಾಗ. ನಮ್ಮ ಕಡೆ ಸಮತಟ್ಟು ನೆಲ ಸಿಗುವುದೇ ಕಷ್ಟ. ಬಂಕಿನ ಅಂಗಳವೂ ಇಳಿಜಾರು. ಲಾರಿ ಒಂದು ಕಡೆ ವಾಲಿದ್ದರೆ ಅದರ ಎಣ್ಣೆ ಚೇಂಬರಿನ ಡಿಪ್ ಸುಳ್ಳು ಹೇಳುತ್ತದೆ. ಲಾರಿಯನ್ನು ಮಟ್ಟದ ಮೇಲೆ ನಿಲ್ಲಿಸಿ, ಎಣ್ಣೆ ಅಲ್ಲಾಡದಷ್ಟು ಹೊತ್ತು ಬಿಡಿ, ಸೀಲ್ ನಂಬರ್ ಓದಿ, ಆಮೇಲೆ ರಾಡ್ ಹಾಕಿ. ಇಳಿಸುವಾಗ ಆ ಟ್ಯಾಂಕಿನ ನಾಝಲ್‌ಗಳು ಬಂದ್ ಆಗಿರಲಿ. ಎಷ್ಟು ಗಾಡಿ ಹಾರ್ನ್ ಹೊಡೆದರೂ ಸರಿ.

ಶಾರ್ಟು ಮಾರಾಟದ ಜೊತೆ ಏರುತ್ತ ಇಳಿಯುತ್ತ ಬಂದರೆ ನಾಝಲ್ ನೋಡಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆಯಲ್ಲಿ 25 ಎಂ.ಎಲ್. ಆಚೀಚೆ ಆಗಬಹುದು ಅಂತ ನಿಯಮ. ಒಂದು ನಾಝಲ್ 5 ಲೀಟರಿಗೆ 20 ಎಂ.ಎಲ್. ಜಾಸ್ತಿ ಕೊಡುತ್ತಿದೆ ಅನ್ನಿ. ನಿಯಮದೊಳಗೇ ಇದೆ. ಆದರೆ ದಿನಕ್ಕೆ 4,000 ಲೀಟರ್ ಮಾರಿದರೆ 16 ಲೀಟರ್ ಸುಮ್ನೆ ಹೋಯಿತು, ತಿಂಗಳಿಗೆ 480. ಇನ್ನು ಮಾರಾಟವೇ ಇಲ್ಲದ ರಾತ್ರಿಯಲ್ಲೂ ಎಣ್ಣೆ ಇಳಿಯುತ್ತಿದ್ದರೆ ಅದು ಸೋರಿಕೆ. ರಾತ್ರಿ ಮುಚ್ಚುವಾಗ ಒಂದು ಡಿಪ್, ಬೆಳಗ್ಗೆ ತೆರೆಯುವ ಮೊದಲು ಒಂದು ಡಿಪ್, ಅಷ್ಟರಲ್ಲೇ ಗೊತ್ತಾಗುತ್ತದೆ.

ಇಲ್ಲಿಯ ಮಳೆಗಾಲದ್ದೇ ಬೇರೆ ಕಥೆ. ಜೂನ್‌ನಿಂದ ಆಗಸ್ಟ್‌ವರೆಗೆ ಸ್ಟಾಕ್ ಜಾಸ್ತಿ ತೋರಿಸಿತು ಅಂತ ಖುಷಿ ಪಡಬೇಡಿ. ಟ್ಯಾಂಕಿಗೆ ಲೋಡ್ ಇಳಿಸುವ ಬಾಯಿ, ಫಿಲ್ಲಿಂಗ್ ಪಾಯಿಂಟಿನ ಮುಚ್ಚಳದಿಂದ ನೀರು ಇಳಿದರೂ ರಾಡು ಮೇಲಕ್ಕೇ ಏರುತ್ತದೆ. ಲಾಭದ ಹಾಗೆ ಕಾಣುವ ನಷ್ಟ ಅದು. ರಾಡಿನ ತುದಿಗೆ ವಾಟರ್ ಪೇಸ್ಟ್ ಸವರಿ ಇಳಿಸಿ. ಬಣ್ಣ ಬದಲಾದಲ್ಲಿವರೆಗೆ ನೀರು. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್. ಎಥನಾಲ್ ಮೊದಲು ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಮಿತಿ ಮೀರಿದ ಮೇಲೆ ನೀರೂ ಎಥನಾಲೂ ಸೇರಿ ತಳಕ್ಕೆ ಕೂರುತ್ತವೆ. ಆಮೇಲೆ ಆ ಪೆಟ್ರೋಲ್ ಗಾಡಿಗೆ ಹಾಕುವಂಥದ್ದಲ್ಲ. ಎಥನಾಲ್ ಪೆಟ್ರೋಲಿಗೆ ಅದಕ್ಕೆಂದೇ ಬರುವ ಪೇಸ್ಟ್ ತರಿಸಿಕೊಳ್ಳಿ. ಜೋರು ಮಳೆ ಹಿಡಿದ ದಿನ ಬೆಳಗ್ಗೆ ಒಂದು ಸಲ ನೋಡಿದರೆ ಸಾಲದು, ಸಂಜೆಯೂ ನೋಡಿ.

ಅದೇ ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಜನರೇಟರ್ ಓಡುತ್ತದೆ. ಜನರೇಟರಿನ ಡೀಸೆಲ್ ನಮ್ಮದೇ ತಾನೇ ಅಂತ ಬರೆಯದೆ ಬಿಡುತ್ತಾರೆ. ಅದನ್ನೂ ನಾಝಲಿನಿಂದಲೇ ಹಿಡಿದು ಸ್ವಂತ ಖರ್ಚು ಅಂತ ಬರೆಯಿರಿ. ಇಲ್ಲವಾದರೆ ಆ ಲೀಟರುಗಳ ದುಡ್ಡು ಶಿಫ್ಟ್ ಹುಡುಗನ ಲೆಕ್ಕದಲ್ಲಿ ಕಮ್ಮಿ ಕಾಣುತ್ತದೆ.

ಈ ವಿಷಯ ನನಗೆ ತುಂಬಾ ಮುಖ್ಯ. ಸ್ಟಾಕ್ ಶಾರ್ಟ್ ಬಂದಾಗ ಹುಡುಗರ ಸಂಬಳದಲ್ಲಿ ಹಿಡಿಯುವ ಮಾಲೀಕರನ್ನು ನೋಡಿದ್ದೇನೆ. ಅದು ಅನ್ಯಾಯ, ಲೆಕ್ಕಕ್ಕೂ ತಪ್ಪು. ನಾಝಲಿನಿಂದ ಹೊರಗೆ ಹೋದ ಪ್ರತಿ ಲೀಟರೂ ಮೀಟರಿನಲ್ಲಿ ಓಡಿರುತ್ತದೆ. ಹುಡುಗ ಕೈ ಆಡಿಸಿದರೆ ಕಮ್ಮಿ ಬೀಳುವುದು ಕ್ಯಾಶು, ಟ್ಯಾಂಕಲ್ಲ. ಒಂದೇ ಒಂದು ಕಿಂಡಿ ಇದೆ, ಟೆಸ್ಟಿಂಗ್. 10 ಲೀಟರ್ ಟೆಸ್ಟಿಂಗ್ ಅಂತ ಬರೆದು ವಾಪಸ್ ಸುರಿಯದಿದ್ದರೆ ಟ್ಯಾಂಕಿನಲ್ಲಿ ಶಾರ್ಟ್ ಬರುತ್ತದೆ. ಅದಕ್ಕೆ ಇಬ್ಬರು ನಿಂತು ಸುರಿದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು.

ಕ್ಯಾಶಿನ ಲೆಕ್ಕ ಶಿಫ್ಟಿಗೊಂದು. ಮೀಟರ್ ವ್ಯತ್ಯಾಸದಲ್ಲಿ ಟೆಸ್ಟಿಂಗ್ ಕಳೆದು ದರದಿಂದ ಗುಣಿಸಿ, ಅದರಲ್ಲಿ ಕಾರ್ಡು, ಯುಪಿಐ, ಉದ್ರಿ ಚೀಟಿ, ಸ್ವಂತ ಖರ್ಚು ಕಳೆದರೆ ಉಳಿದದ್ದು ಕೈಯಲ್ಲಿರಬೇಕು. ಘಾಟಿ ಕಡೆ ನೆಟ್‌ವರ್ಕ್ ಕೈಕೊಡುತ್ತದೆ. ಗಿರಾಕಿಯ ಫೋನಿನಲ್ಲಿ ಹೋಯಿತು ಅಂತ ತೋರಿಸುತ್ತದೆ, ನಮ್ಮ ಸ್ಪೀಕರ್ ಮಾತಾಡುವುದಿಲ್ಲ. ಹಾಗಾದಾಗ ಗಾಡಿ ನಂಬರು, ಮೊತ್ತ, ಹೊತ್ತು ಬರೆದಿಟ್ಟುಕೊಂಡು ಮಾರನೇ ದಿನ ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆ ನೋಡಿ. ಇಂಜಿನ್ ಆಯಿಲ್‌ಗೆ ಬೇರೆ ಪುಸ್ತಕ. ಅದಕ್ಕೆ ಜಿಎಸ್‌ಟಿ ಇದೆ, ಪೆಟ್ರೋಲ್ ಡೀಸೆಲ್‌ಗೆ ಇಲ್ಲ.

ಕೊನೆಗೆ ಉದ್ರಿ. ಇಲ್ಲಿ ಬಂಕ್ ಮುಳುಗಿದರೆ ಅದು ಉದ್ರಿಯಲ್ಲೇ. ತೋಟದ ಲೆಕ್ಕ ಬರೆಯುವ ರೈಟರು ಚೀಟಿ ಬರೆದು ಡ್ರೈವರ್ ಕೈಲಿ ಕಳಿಸುತ್ತಾರೆ. ತಿಂಗಳ ಕೊನೆಗೆ ಬಿಲ್ಲು ಹೋಗುತ್ತದೆ, ದುಡ್ಡು ಬರುವುದು ಕಾಫಿ ಮಾರಿದ ಮೇಲೆ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರು, ರೊಬಸ್ಟಾ ಜನವರಿಗೆ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವಾಗ ಡೀಸೆಲ್ ಖರ್ಚು ವಿಪರೀತ ಏರುತ್ತದೆ, ಚೀಟಿಯೂ ಏರುತ್ತದೆ. ಅತ್ತ ಕಂಪನಿ ದುಡ್ಡು ಕಟ್ಟಿದ ಮೇಲೇ ಲೋಡ್ ಬಿಡುವುದು. 12,000 ಲೀಟರ್ ಡೀಸೆಲ್ ಅಂದರೆ ಹತ್ತು ಲಕ್ಷಕ್ಕೂ ಮೇಲೆ. ಲೋಡಿನ ದುಡ್ಡೆಲ್ಲ ಚೀಟಿಯಲ್ಲಿ ಸಿಕ್ಕಿಕೊಂಡರೆ ಹೆದ್ದಾರಿಯ ಗಿರಾಕಿಗೆ 'ಸ್ಟಾಕ್ ಇಲ್ಲ' ಬೋರ್ಡ್ ಹಾಕಬೇಕಾಗುತ್ತದೆ.

ಉದ್ರಿ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಕೊಡದೆ ಇಲ್ಲಿ ವ್ಯಾಪಾರ ಇಲ್ಲ. ಜನ ಮಾತಿಗೆ ತಪ್ಪುವವರೂ ಅಲ್ಲ. ಒಂದೊಂದು ತೋಟಕ್ಕೂ ಇಷ್ಟು ಅಂತ ಮಿತಿ ಹಾಕಿ, ಕೊಡುವ ಮೊದಲೇ ಮಾತಾಡಿ. ಚೀಟಿಯಲ್ಲಿ ಗಾಡಿ ನಂಬರ್, ಲೀಟರ್, ರೈಟರ ಸಹಿ ಮೂರೂ ಇರಬೇಕು. "ಅಣ್ಣಾ, ರೈಟ್ರು ಸೈನ್ ಹಾಕೋಕೆ ಮರೆತಿದ್ದಾರೆ, ನಾಳೆ ಹಾಕಿಸ್ಕೊಂಡು ಬರ್ತೀನಿ" ಅಂದರೆ ನಗುತ್ತಲೇ ರೈಟರಿಗೆ ಒಂದು ಫೋನ್ ಮಾಡಿ. ಅವರೂ ತೋಟದ ಲೆಕ್ಕ ಬರೆಯುವವರು, ಬೇಜಾರು ಮಾಡಿಕೊಳ್ಳುವುದಿಲ್ಲ.

ಲೋಡ್ ಬಗ್ಗೆ ಒಂದು ಮಾತು. ಗುಡ್ಡ ಕುಸಿದು ಶಿರಾಡಿ ಬಂದ್ ಆದರೆ ಗಾಡಿಗಳನ್ನು ಚಾರ್ಮಾಡಿ, ಸಂಪಾಜೆ ಕಡೆ ತಿರುಗಿಸುತ್ತಾರೆ. ನಮ್ಮ ಡೀಸೆಲ್ ಮಾರಾಟ ಆ ದಿನಗಳಲ್ಲಿ ಬಿದ್ದುಹೋಗುತ್ತದೆ. ಆದರೆ ಎಣ್ಣೆ ಸಿಗುವುದಿಲ್ಲ ಅಂತ ಹೆದರಬೇಕಿಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೈಪ್‌ಲೈನ್ ಇದೆ, 360 ಕಿ.ಮೀ.ಗೂ ಜಾಸ್ತಿ ಉದ್ದ. ಘಾಟಿ ರಸ್ತೆ ಮುಚ್ಚಿದರೂ ಹಾಸನದಿಂದ ಟ್ಯಾಂಕರ್ ಬರುತ್ತದೆ. ಹಾಗಾಗಿ ಮಳೆಗಾಲಕ್ಕೆ ಅಂತ ಟ್ಯಾಂಕ್ ತುಂಬಿಸಿ ದುಡ್ಡು ಹೂತಿಡಬೇಡಿ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಿಗೆ, ದೀಪಾವಳಿ ರಜೆಗೆ ಆ ದುಡ್ಡು ಬೇಕಾಗುತ್ತದೆ.

ಬಂಕ್ ವಹಿಸಿಕೊಳ್ಳುವ ದಿನ ಹಳಬರ ಪುಸ್ತಕದ ಸ್ಟಾಕನ್ನು ಒಪ್ಪಿಕೊಳ್ಳಬೇಡಿ. ಇಬ್ಬರೂ ನಿಂತು ಡಿಪ್ ಹಾಕಿ, ಪೇಸ್ಟ್ ಸವರಿ ನೀರು ನೋಡಿ, ಟೋಟಲೈಸರ್ ಬರೆದುಕೊಂಡು ಸಹಿ ಮಾಡಿ. ಉದ್ರಿ ಚೀಟಿಗಳನ್ನು ಹಿಡಿದುಕೊಂಡು ತೋಟತೋಟಕ್ಕೆ ಹೋಗಿ ರೈಟರ ಹತ್ತಿರ ಬಾಕಿ ಒಪ್ಪಿಸಿಕೊಳ್ಳಿ. ಮೇ ತಿಂಗಳೊಳಗೆ ಬಂದರೆ ಒಳ್ಳೆಯದು. ಮಳೆ ಹಿಡಿಯುವ ಮೊದಲು ಫಿಲ್ಲಿಂಗ್ ಪಾಯಿಂಟಿನ ಮುಚ್ಚಳಗಳ ರಬ್ಬರ್ ಬದಲಾಯಿಸಲು ನಿಮಗೆ ಹೊತ್ತು ಸಿಗುತ್ತದೆ.