ತಿಂಗಳಿಗೊಂದು ಔಟಿಂಗ್‌ಗೆ ಹೋಗಲೇಬೇಕಾ?

ಪುಟ್ಟೀ, ಆಗಸ್ಟ್‌ನಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯಕ್ಕೆ ಬರ್ತೀಯ, ಒಂದು ವರ್ಷ ಇಲ್ಲಿನ ಹೈಸ್ಕೂಲಿನಲ್ಲಿ ಓದ್ತೀಯ ಅಂತ ಗೊತ್ತಾಗಿ ತುಂಬಾ ಖುಷಿಯಾಯ್ತು. ನಿನ್ನ ಹಾಗೆ ಬೇರೆ ದೇಶಗಳಿಂದ ಓದೋಕೆ ಬರೋ ಎಕ್ಸ್‌ಚೇಂಜ್ ಮಕ್ಕಳಿಗೆಲ್ಲ ತಿಂಗಳಿಗೊಂದು ಔಟಿಂಗ್ ಇದೆ ಅಂತ, ನಿಮ್ಮನ್ನೆಲ್ಲ ಇಲ್ಲಿ ನೋಡಿಕೊಳ್ಳೋ ಕೋಆರ್ಡಿನೇಟರ್ ಪಟ್ಟಿ ಕಳಿಸಿದ್ದಾರೆ. ಎಲ್ಲಕ್ಕೂ ಹೋಗಲೇಬೇಕಾ, ದುಡ್ಡು ಯಾರು ಕೊಡ್ತಾರೆ, ಸಸ್ಯಾಹಾರಿಗೆ ಊಟಕ್ಕೆ ಏನು ಸಿಗುತ್ತೆ, ಬೇರೆ ಬೇರೆ ದೇಶದ ಮಕ್ಕಳ ಜೊತೆ ಏನು ಮಾತಾಡಲಿ ಅಂತ ಕೇಳಿದ್ದೀಯ. ನಾನು ಇಲ್ಲಿ ನೆಲೆಸಿ ಬಹಳ ವರ್ಷವಾಯ್ತು. ನಮ್ಮ ಮನೆಯಲ್ಲೂ ಇಂಥ ಮಕ್ಕಳು ಇದ್ದು ಹೋಗಿದ್ದಾರೆ, ಔಟಿಂಗ್‌ಗೆ ಅವರನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದೀನಿ. ಹಾಗಾಗಿ ಕಂಡಿದ್ದನ್ನೇ ಹೇಳ್ತೀನಿ.

ಮೊದಲನೇ ಮಾತು, ಹೋಗು. ಆದರೆ ಎಲ್ಲ ಔಟಿಂಗೂ ಒಂದೇ ಅಲ್ಲ. ಸುಮ್ಮನೆ ನೋಡಿ ಬರೋ ಔಟಿಂಗ್ ಬೇರೆ, ಕೈಯಲ್ಲಿ ಏನಾದರೂ ಕೆಲಸ ಮಾಡೋ ಔಟಿಂಗ್ ಬೇರೆ. ಮಾಲ್ ಆಫ್ ಅಮೆರಿಕಾಗೆ ಕರ್ಕೊಂಡು ಹೋಗ್ತಾರೆ. 1992ರಲ್ಲಿ ಶುರುವಾದ ದೊಡ್ಡ ಮಾಲ್ ಅದು, ಒಳಗೇ ರೋಲರ್ ಕೋಸ್ಟರ್ ಇದೆ. ಅಲ್ಲಿ ಮಕ್ಕಳು ಇಬ್ಬಿಬ್ಬರಾಗಿ ಚದುರಿಹೋಗ್ತಾರೆ, ಸಂಜೆ ಫೋನ್ ನೋಡ್ತಾ ವಾಪಸ್ ಬರ್ತಾರೆ. ಒಂದು ಸಲ ನೋಡು, ಸಾಕು. ಅದೇ ಮಕ್ಕಳು ಫೀಡ್ ಮೈ ಸ್ಟಾರ್ವಿಂಗ್ ಚಿಲ್ಡ್ರನ್ ಅನ್ನೋ ಸಂಸ್ಥೆಯಲ್ಲಿ ಊಟದ ಪೊಟ್ಟಣ ಕಟ್ಟೋಕೆ ನಿಂತಾಗ ನೋಡಬೇಕು. ಎಲ್ಲರ ತಲೆಗೂ ಬಲೆಟೋಪಿ, ಒಂದೊಂದು ಮೇಜಿಗೆ ಒಂದೊಂದು ಗುಂಪು. ಒಬ್ಬರು ಚೀಲ ಹಿಡಿದು ಲಾಳಿಕೆಯ ಬಾಯಿಗೆ ಒಡ್ಡಬೇಕು. ಉಳಿದವರು ಒಬ್ಬರಾದ ಮೇಲೊಬ್ಬರು ವಿಟಮಿನ್ ಪುಡಿ, ಒಣ ತರಕಾರಿ, ಸೋಯಾ, ಅಕ್ಕಿ ಸುರೀಬೇಕು. ಆಮೇಲೆ ತೂಕ, ಸೀಲು, ಡಬ್ಬ. ಒಂದು ಡಬ್ಬಕ್ಕೆ 36 ಪೊಟ್ಟಣ, ಅಂದರೆ 216 ಊಟ. ಅಕ್ಕಿ ಒಂದು ಚೂರು ಜಾಸ್ತಿಯಾದರೆ ತೂಕದವನು ಕೂಗ್ತಾನೆ, ಚೀಲ ಹಿಡಿದವಳು ನಗ್ತಾಳೆ. ಬರುವಾಗ ಕಾರಿನಲ್ಲಿ ಬಾಯೇ ಬಿಡದಿದ್ದ ಥಾಯ್ಲೆಂಡಿನ ಹುಡುಗಿ ವಾಪಸ್ ಹೋಗುವಾಗ ಬ್ರೆಜಿಲ್ ಹುಡುಗನಿಗೆ ಅಕ್ಕಿ ಅಳೆಯೋಕೆ ಬರಲ್ಲ ಅಂತ ದಾರಿಯುದ್ದಕ್ಕೂ ರೇಗಿಸ್ತಿದ್ದಳು. ಏನು ಮಾತಾಡಲಿ ಅನ್ನೋ ನಿನ್ನ ಚಿಂತೆಗೆ ಇದೇ ನನ್ನ ಉತ್ತರ: ಕೈಗೆ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತೆ. (ಅದು ಕ್ರೈಸ್ತ ಸಂಸ್ಥೆ, ಕೊನೆಗೆ ಪ್ರಾರ್ಥನೆ ಮಾಡ್ತಾರೆ. ನೀನು ಗೌರವದಿಂದ ಸುಮ್ಮನೆ ನಿಂತಿದ್ದರೆ ಆಯ್ತು.)

ಋತುವಿಗೆ ತಕ್ಕಂತೆ ಏನೇನಿರುತ್ತೆ ಅಂತ ಹೇಳಿಬಿಡ್ತೀನಿ. ನೀನು ಬಂದ ಹೊಸದರಲ್ಲೇ ಇಲ್ಲಿನ ರಾಜಧಾನಿ ಸೇಂಟ್ ಪಾಲ್ ಪಕ್ಕ ಸ್ಟೇಟ್ ಫೇರ್ ಇರುತ್ತೆ, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೆ 12 ದಿನ. ದನ, ಹಂದಿ, ಕುರಿ, ಟ್ರ್ಯಾಕ್ಟರ್ ಎಲ್ಲ ಇರೋ ದೊಡ್ಡ ಜಾತ್ರೆ. ನಮ್ಮ ಶಿವಮೊಗ್ಗ ಕಡೆಯ ಹುಡುಗಿಗೆ ಕೊಟ್ಟಿಗೆ ವಾಸನೆಯೇನು ಹೊಸದಲ್ಲ, ಹಾಯಾಗಿರ್ತೀಯ. ಆಮೇಲೆ ಸೇಬಿನ ತೋಟ. ಹನಿಕ್ರಿಸ್ಪ್ ತಳಿ ಹುಟ್ಟಿದ್ದೇ ಇಲ್ಲಿನ ವಿಶ್ವವಿದ್ಯಾಲಯದಲ್ಲಿ, 1991ರಲ್ಲಿ ಬಿಡುಗಡೆಯಾಯ್ತು. ಗಿಡದಿಂದ ಕಿತ್ತು ಅಲ್ಲೇ ಕಚ್ಚಿ ತಿನ್ನು, ರುಚಿಯೇ ಬೇರೆ. ಮಿಸಿಸಿಪ್ಪಿ ಹುಟ್ಟೋ ಇಟಾಸ್ಕಾ ಸರೋವರಕ್ಕೆ ಪ್ರವಾಸ ಇದ್ದರೆ ಏನೇ ಆದರೂ ತಪ್ಪಿಸಬೇಡ. ಅಷ್ಟು ದೊಡ್ಡ ನದಿಯನ್ನು ಅಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ತಲಕಾವೇರಿ ನೋಡಿದವರಿಗೆ ಅಲ್ಲಿ ನಿಂತಾಗ ಮನಸ್ಸು ತುಂಬಿ ಬರುತ್ತೆ. ಜನವರಿ ಕೊನೆಗೆ ಸೇಂಟ್ ಪಾಲ್‌ನಲ್ಲಿ ವಿಂಟರ್ ಕಾರ್ನಿವಲ್, 1886ರಿಂದ ಇರೋ ಚಳಿಗಾಲದ ಹಬ್ಬ, ಮಂಜುಗಡ್ಡೆಯಲ್ಲಿ ಕೆತ್ತಿದ ಶಿಲ್ಪಗಳನ್ನು ನೋಡಬಹುದು.

ಚಳಿಗಾಲದಲ್ಲಿ ಸ್ನೋ ಟ್ಯೂಬಿಂಗ್ ಇದ್ದೇ ಇರುತ್ತೆ. ರಬ್ಬರ್ ಟ್ಯೂಬಿನ ಮೇಲೆ ಕೂತು ಗುಡ್ಡದಿಂದ ಜಾರೋದು. ಆವತ್ತು ಜೀನ್ಸ್ ಹಾಕ್ಕೊಂಡು ಹೋಗಬೇಡ ಕಣಮ್ಮ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗಲ್ಲ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರೋ ದಿನ ಅದು ಅಪಾಯ. ಸ್ನೋ ಪ್ಯಾಂಟು, ಉಣ್ಣೆ ಕಾಲುಚೀಲ, ಬೆರಳೆಲ್ಲ ಒಟ್ಟಿಗೆ ಇರೋ ಮಿಟನ್ಸ್ ಬೇಕು. ಊರಿನಿಂದ ಸಾವಿರಾರು ರೂಪಾಯಿ ಕೊಟ್ಟು ಕೋಟು ತರಬೇಡ, ಅಲ್ಲಿ ಸಿಗೋದು ಈ ಚಳಿಗೆ ಸಾಲಲ್ಲ. ಇಲ್ಲಿ ಗುಡ್‌ವಿಲ್ ಥರದ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಒಳ್ಳೇದು ಕಡಿಮೆಗೆ ಸಿಗುತ್ತೆ.

ಊಟದ ವಿಷಯಕ್ಕೆ ಬರ್ತೀನಿ. ಚೀಸ್ ಪಿಜ್ಜಾ ಎಲ್ಲ ಕಡೆ ಇರುತ್ತೆ, ಉಪವಾಸ ಬೀಳಲ್ಲ. ಆದರೆ ಕಾಣದ ಮಾಂಸ ಜಾಸ್ತಿ. ಕ್ಯಾಂಪ್‌ಫೈರ್ ಸುತ್ತ ಕೂತು ಮಾರ್ಷ್‌ಮೆಲೋ ಸುಟ್ಟು ಚಾಕೊಲೇಟ್ ಜೊತೆ ಬಿಸ್ಕತ್ತಿನ ನಡುವೆ ಇಟ್ಟು ಕೊಡ್ತಾರೆ. ಸಾಮಾನ್ಯ ಮಾರ್ಷ್‌ಮೆಲೋದಲ್ಲಿ ಜೆಲಾಟಿನ್ ಇರುತ್ತೆ, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ್ದು. ಇಲ್ಲಿನ ಫೇಮಸ್ ವೈಲ್ಡ್ ರೈಸ್ ಸೂಪಿಗೆ ಸಾಮಾನ್ಯವಾಗಿ ಕೋಳಿಯ ಸಾರು ಹಾಕಿರ್ತಾರೆ. ತಿನ್ನೋದು ಬಿಡೋದು ನಿನ್ನಿಷ್ಟ, ಆದರೆ ಗೊತ್ತಿದ್ದು ತೀರ್ಮಾನ ಮಾಡು. ‘ನಾನು ವೆಜಿಟೇರಿಯನ್’ ಅಂದರೆ ಸಾಲಲ್ಲ, ಮೀನು ತಿನ್ನಲ್ಲ, ಕೋಳಿ ಸಾರೂ ತಿನ್ನಲ್ಲ, ಮೊಟ್ಟೆ ತಿನ್ತೀನೋ ಇಲ್ಲವೋ ಅಂತ ಒಂದೊಂದನ್ನೂ ಬಿಡಿಸಿ ಕೋಆರ್ಡಿನೇಟರ್‌ಗೆ ಮುಂಚೆಯೇ ಬರೆದು ಕಳಿಸು.

ದುಡ್ಡಿನ ಬಗ್ಗೆ ನಾಚಿಕೆ ಬೇಡ. ಸಾಮಾನ್ಯವಾಗಿ ಅವರವರ ಟಿಕೆಟ್ ಅವರವರದೇ. ಪ್ರತಿ ಸಲವೂ ‘ಎಷ್ಟಾಗುತ್ತೆ?’ ಅಂತ ಕೇಳು, ಕಷ್ಟವಾದರೆ ಕಷ್ಟ ಅಂತ ಹೇಳು, ಇಲ್ಲಿ ಯಾರೂ ತಪ್ಪು ತಿಳಿಯಲ್ಲ. ಮಿನಿಯಾಪೊಲಿಸ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್‌ಗೆ ಪ್ರವೇಶ ಉಚಿತ, ಸೇಂಟ್ ಪಾಲ್‌ನ ಕೋಮೋ ಝೂಗೂ ಟಿಕೆಟ್ ಇಲ್ಲ, ಮನಸ್ಸಿದ್ದಷ್ಟು ಕಾಣಿಕೆ ಹಾಕಬಹುದು. ಇಂಥ ಜಾಗಗಳ ಹೆಸರು ನೀನೇ ಸೂಚಿಸು.

ಹೋಸ್ಟ್ ಫ್ಯಾಮಿಲಿ ಬಗ್ಗೆ ಒಂದು ಮಾತು. ನಿನ್ನನ್ನು ಇಟ್ಟುಕೊಳ್ಳೋಕೆ ಅವರಿಗೆ ಯಾರೂ ಸಂಬಳ ಕೊಡಲ್ಲ, ಪ್ರೀತಿಯಿಂದ ಕರೆದುಕೊಳ್ಳೋರು. ಸಣ್ಣ ಊರಿನಲ್ಲಿ ಬಸ್ಸಿಲ್ಲ, ಔಟಿಂಗ್ ಅಂದರೆ ಅವರೇ ಬಿಟ್ಟು, ಅವರೇ ಕರ್ಕೊಂಡು ಬರಬೇಕು. ಪಟ್ಟಿ ಬಂದ ದಿನವೇ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಬರೆದುಬಿಡು. ಆ ಶನಿವಾರವೇ ಅವರ ಅಜ್ಜಿಯ ಹುಟ್ಟುಹಬ್ಬ ಅಂದರೆ ಔಟಿಂಗ್ ಬಿಟ್ಟು ಅಜ್ಜಿ ಮನೆಗೆ ಹೋಗು. ಹಾಗೇ, ಎಕ್ಸ್‌ಚೇಂಜ್ ಮಕ್ಕಳ ಗುಂಪು ತುಂಬಾ ಹಿತ ಅನಿಸುತ್ತೆ, ಎಲ್ಲರಿಗೂ ಮನೆ ನೆನಪು, ಎಲ್ಲರಿಗೂ ಹೊಸತು. ಪಾಕಿಸ್ತಾನದ ಹುಡುಗಿಯೊಬ್ಬಳು ಸಿಕ್ಕರೆ ನಿನ್ನ ಹಿಂದಿ ಅವಳ ಉರ್ದು ಸೇರಿ ಮಾತು ಮುಗಿಯೋದೇ ಇಲ್ಲ. ಮಾತಾಡು, ಆದರೆ ಮೂರನೆಯವರು ಬಂದ ತಕ್ಷಣ ಇಂಗ್ಲಿಷಿಗೆ ಬಾ. ಆ ಗುಂಪಿಗೇ ಅಂಟಿಕೊಂಡರೆ ಶಾಲೆಯಲ್ಲಿ ಗೆಳೆಯರಾಗಲ್ಲ. ಶಾಲೆ ತೆರೆದ ವಾರವೇ ಕ್ರಾಸ್ ಕಂಟ್ರಿ ಓಟಕ್ಕೋ ನಾಟಕದ ತೆರೆಯ ಹಿಂದಿನ ಕೆಲಸಕ್ಕೋ ಸೇರಿಕೋ. ಕ್ರಾಸ್ ಕಂಟ್ರಿಯಲ್ಲಿ ಸಾಮಾನ್ಯವಾಗಿ ನಿಧಾನ ಓಡೋರನ್ನೂ ತಂಡದಿಂದ ತೆಗೆಯಲ್ಲ.

ನವೆಂಬರ್‌ನಲ್ಲಿ ಇಂಟರ್‌ನ್ಯಾಷನಲ್ ಎಜುಕೇಷನ್ ವೀಕ್ ಬರುತ್ತೆ. ನಿಮ್ಮನ್ನೆಲ್ಲ ಶಾಲೆಗಳಿಗೆ ಕರೆದು ನಿಮ್ಮ ದೇಶದ ಬಗ್ಗೆ ಹೇಳಿ ಅಂತಾರೆ. ತಾಜ್‌ಮಹಲ್ ಸ್ಲೈಡ್ ತೋರಿಸೋದು ಬೇಡ. ಬರುವಾಗ ನಾಲ್ಕೈದು ಜೊತೆ ಕವಡೆ ತಾ. ಐದು ಮನೆ ಅಗಲ ಐದು ಮನೆ ಉದ್ದ ಗೀಟು ಹಾಕಿ ಚೌಕಾಬಾರ ಆಡಿಸು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಮತ್ತೊಂದು ಸಲ ಹಾಕಬಹುದು ಅಂತ ಹೇಳಿದರೆ ಸಾಕು, ಆಮೇಲೆ ಆ ಮಕ್ಕಳು ನಿನ್ನನ್ನು ಬಿಡಲ್ಲ. ಹುಣಸೆ ಬೀಜ ಮಾತ್ರ ಬೇಡ, ಬೀಜ ಕಂಡರೆ ಕಸ್ಟಮ್ಸ್‌ನವರು ತಕರಾರು ಮಾಡ್ತಾರೆ.

ಕೆಲವು ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬೇಡ. ನೀನು ಕಾರು ಓಡಿಸೋ ಹಾಗಿಲ್ಲ, ಇಲ್ಲಿ 21 ವರ್ಷದವರೆಗೆ ಕುಡಿಯೋ ಹಾಗೂ ಇಲ್ಲ. ಜೊತೆಯವರು ಏನೇ ಹೇಳಲಿ, ಇಂಥದ್ದಕ್ಕೆ ವರ್ಷದ ಮಧ್ಯೆಯೇ ಊರಿಗೆ ಕಳಿಸಿಬಿಡ್ತಾರೆ. ಔಟಿಂಗ್‌ನಲ್ಲಾಗಲಿ ಮನೆಯಲ್ಲಾಗಲಿ ಯಾರದೇ ನಡತೆ ಸರಿ ಅನಿಸದಿದ್ದರೆ ಆವತ್ತೇ ಕೋಆರ್ಡಿನೇಟರ್‌ಗೆ ಹೇಳು. ತಿಂಗಳಿಗೊಮ್ಮೆ ನಿನ್ನನ್ನು ವಿಚಾರಿಸಿಕೊಳ್ಳೋದು ನಿಯಮದ ಪ್ರಕಾರ ಅವರ ಕೆಲಸ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಅಮೆರಿಕದ ವಿದೇಶಾಂಗ ಇಲಾಖೆಯದೇ ಸಹಾಯವಾಣಿ ಇದೆ, ಆ ನಂಬರ್ ಬಂದ ದಿನವೇ ಫೋನ್‌ನಲ್ಲಿ ಹಾಕ್ಕೋ. ಅಡ್ಜಸ್ಟ್ ಮಾಡ್ಕೋ ಅಂತ ಊರಲ್ಲಿ ಹೇಳ್ತಾರಲ್ಲ, ಇಂಥ ವಿಷಯದಲ್ಲಿ ಅದನ್ನು ಕೇಳಬೇಡ.

ಕುದುರೆ ಸವಾರಿ, ಸ್ಕೀಯಿಂಗ್ ಥರದ್ದಕ್ಕೆ ಅಪ್ಪ ಅಮ್ಮನ ಸಹಿ ಕೇಳಬಹುದು. ಯಾವುದಕ್ಕೆ ಬೇಕು ಅಂತ ಈಗಲೇ ಕೇಳಿ, ಹೊರಡೋ ಮುಂಚೆ ಮನೆಯಲ್ಲಿ ಕೂತು ಮಾತಾಡಿ ಸಹಿ ಹಾಕಿಸಿಟ್ಟುಕೋ. ಯಾವ ಊರು ಅಂತ ಗೊತ್ತಾದ ಮೇಲೆ ನನಗೆ ಬರೆ. ನವೆಂಬರ್‌ನಲ್ಲಿ ಇಲ್ಲಿನ ಕನ್ನಡದವರು ರಾಜ್ಯೋತ್ಸವಕ್ಕೆ ಸೇರ್ತೀವಿ, ಹೋಸ್ಟ್ ಅಪ್ಪ ಅಮ್ಮನನ್ನೂ ಕರ್ಕೊಂಡು ಬಾ, ಬಿಸಿಬೇಳೆಬಾತ್ ಇರುತ್ತೆ. ರಾತ್ರಿ ನಮ್ಮ ಮನೆಯಲ್ಲಿ ಉಳಿಯೋದಾದರೆ ಕೋಆರ್ಡಿನೇಟರ್ ಒಪ್ಪಿಗೆ ಬೇಕಾಗಬಹುದು, ಅದನ್ನು ನಾನೇ ಅವರ ಹತ್ತಿರ ಮಾತಾಡ್ತೀನಿ.