ಪೈಲಟ್ ತರಬೇತಿಗೆ ಮನೆ ಅಡವಿಡಬಹುದಾ?

ಮಗ ಪಿಯುಸಿ ಮುಗಿಸಿದ್ದಾನೆ, ಪೈಲಟ್ ತರಬೇತಿಗೆ ಮನೆ ಅಡವಿಟ್ಟು ಸಾಲ ತೆಗೆಯಬಹುದಾ ಎಂದು ಕೇಳಿದ್ದೀರಿ. ಮೊದಲು ಡಿಜಿಸಿಎಯ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕ್ಲಾಸ್ 2, ಕ್ಲಾಸ್ 1 ಮೆಡಿಕಲ್, ಅಂದರೆ ಪೈಲಟ್‌ಗೆ ಬೇಕಾದ ಆರೋಗ್ಯ ತಪಾಸಣೆ ಮಾಡಿಸಿ. ಅದರ ಸರ್ಟಿಫಿಕೇಟ್ ಕೈಗೆ ಬರುವವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಖರ್ಚು ಸಾಮಾನ್ಯವಾಗಿ 50 ಲಕ್ಷದ ಆಚೀಚೆ. ಏರ್‌ಬಸ್ 320 ಅಥವಾ ಬೋಯಿಂಗ್ 737 ಹಾರಿಸಲು ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನಕ್ಕೇ ಪ್ರತ್ಯೇಕ ತರಬೇತಿ, ಬೇರೆ ಮಾಡಬೇಕು. ಅದಕ್ಕೆ ಮತ್ತೆ ಹತ್ತಾರು ಲಕ್ಷ. ಬ್ರೋಷರ್‌ನಲ್ಲಿ ಇದು ಕಾಣುವುದೇ ಕಮ್ಮಿ! ವಿಮಾನ ಕೆಟ್ಟು ನಿಂತರೆ, ಮಳೆ ಹಿಡಿದರೆ ತರಬೇತಿ ತಿಂಗಳುಗಟ್ಟಲೆ ಎಳೆಯುತ್ತದೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ನನ್ನ ಪ್ರಕಾರ ದೊಡ್ಡ ರಿಸ್ಕ್ ಕೆಲಸದ್ದು. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಹೀಗಾದಾಗ ಸಾವಿರಾರು ಗಂಟೆ ಹಾರಿಸಿದವರೂ ಕೆಲಸ ಹುಡುಕುತ್ತಾರೆ. 200 ಗಂಟೆಯ ಹೊಸಬನನ್ನು ಆಗ ಯಾರು ಕೇಳುತ್ತಾರೆ, ಅಲ್ವಾ?

ಇಷ್ಟೆಲ್ಲ ತಿಳಿದೂ ಸೇರಿಸುವುದಾದರೆ ಪೂರ್ತಿ ಫೀಸು ಒಂದೇ ಸಲ ಕಟ್ಟಬೇಡಿ. ಹಾರಿದ ಗಂಟೆಗೆ ತಕ್ಕಂತೆ ಕಂತು ಕೇಳಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಶಾಲೆಗೇ ಹೋಗಿ, ಇವತ್ತು ಎಷ್ಟು ವಿಮಾನ ನಿಜವಾಗಿ ಹಾರುತ್ತಿವೆ ಅಂತ ಅಲ್ಲಿನ ಹುಡುಗರನ್ನೇ ಕೇಳಿ.