ಮರಿಯ ಹಲ್ಲು, ಮನೆಯವರ ಕೈ

ಮಳೆ ಹಿಡಿದು ನಾಯಿಮರಿಗಳೆಲ್ಲ ಮನೆಯೊಳಗೆ ಸೇರಿದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ಕಚ್ಚುತ್ತದೆ, ಹೇಳಿದ್ದು ಕೇಳುವುದಿಲ್ಲ. ಘಟ್ಟದ ಮೇಲಿನವು, ಕೆಳಗಿನವು ಸೇರಿ ಐದು ಪತ್ರಗಳಿಗೆ ಇಲ್ಲಿ ಉತ್ತರ ಇದೆ.

ಪ್ರಶ್ನೆ: ಎರಡೂವರೆ ತಿಂಗಳ ಲ್ಯಾಬ್ರಡಾರ್ ಕುನ್ನಿ ತಂದಿದ್ದೇವೆ. ಕೈ ಕಂಡರೆ ಕಚ್ಚುತ್ತದೆ, ಸೀರೆ ನೆರಿಗೆ ಹಿಡಿದು ಜಗ್ಗುತ್ತದೆ. ಸಂಜೆಯಂತೂ ಹುಚ್ಚು ಹಿಡಿದ ಹಾಗೆ. ಮೂಗಿನ ಮೇಲೆ ಎರಡು ಬಿಟ್ಟರೆ ಸರಿಹೋಗುತ್ತದೆ ಅಂತ ಮಾವನವರು ಹೇಳುತ್ತಾರೆ. ಹೊಡೆದರೆ ಇನ್ನೂ ಮೇಲೆ ಬೀಳುತ್ತದೆ. ದೊಡ್ಡದಾದ ಮೇಲೆ ಕಚ್ಚುವ ನಾಯಿಯೇ ಆಗಿಬಿಡುತ್ತದೋ ಎಂದು ಹೆದರಿಕೆ. ಎಂತ ಮಾಡುವುದು?
— ಗೃಹಿಣಿ, ಶಿರಸಿ

ಉತ್ತರ: ಹೆದರಬೇಡಿ. ಈ ವಯಸ್ಸಿನ ಮರಿ ಏನನ್ನೇ ಮುಟ್ಟಿ ನೋಡಬೇಕಾದರೂ ಬಾಯಿಯಿಂದಲೇ ಮುಟ್ಟಬೇಕು. ಅದಕ್ಕಿರುವ 28 ಹಾಲುಹಲ್ಲುಗಳೂ ಸೂಜಿಮೊನೆಯಂಥವು. ದವಡೆಯಲ್ಲಿ ಮಾತ್ರ ಇನ್ನೂ ಬಲ ಇಲ್ಲ. ತಾಯಿಯ ಜೊತೆ ಇದ್ದಾಗ ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಎಷ್ಟು ಒತ್ತಿದರೆ ಆಟ ನಿಲ್ಲುತ್ತದೆ ಎಂಬ ಲೆಕ್ಕ ಮರಿಗೆ ಸಿಗುವುದು ಹೀಗೆ. ಎಂಟು ವಾರ ತುಂಬುವ ಮೊದಲೇ ಬಿಡಿಸಿ ತಂದ ಮರಿಗೆ ಈ ಪಾಠ ಅರ್ಧಕ್ಕೇ ನಿಂತಿರುತ್ತದೆ. ಉಳಿದದ್ದನ್ನು ಮನೆಯವರು ಕಲಿಸಬೇಕು.

ಹೊಡೆತ ಏಕೆ ಬೇಡ ಎಂಬುದನ್ನು ಮಾವನವರಿಗೆ ಹೀಗೆ ಹೇಳಿ ನೋಡಿ. ಪುಂಡ ಮರಿಗೆ ಮೂಗಿನ ಮೇಲಿನ ಪೆಟ್ಟು ಆಟದ ಮುಂದಿನ ಸುತ್ತು. ಅದಕ್ಕೇ ನಿಮ್ಮ ಮರಿ ಇನ್ನೂ ಮೇಲೆ ಬೀಳುತ್ತಿದೆ. ಅಂಜುಬುರುಕ ಮರಿಯಾದರೆ ಕೈ ಬಂದರೆ ನೋವು ಎಂದು ಕಲಿತು, ನಾಳೆ ತಲೆ ಸವರಲು ಬಂದ ನೆರೆಮನೆಯ ಮಗುವಿನ ಕೈಗೇ ಬಾಯಿ ಹಾಕುತ್ತದೆ. ಮೂತಿ ಒತ್ತಿ ಹಿಡಿಯುವುದು, ಅಂಗಾತ ಕೆಡವಿ ಅದುಮುವುದು ಕೂಡ ಇದೇ ಜಾತಿಯವು.

ಮಾಡಬೇಕಾದ್ದು ಇಷ್ಟು. ಹಲ್ಲು ಚರ್ಮಕ್ಕೆ ತಾಗಿದ ಕ್ಷಣವೇ ‘ಸಾಕು’ ಎಂದು ಸಾದಾ ದನಿಯಲ್ಲಿ ಹೇಳಿ. ಕೈಯನ್ನು ಸರಕ್ಕನೆ ಎಳೆಯಬೇಡಿ, ಸಡಿಲ ಬಿಡಿ. ಎಳೆದ ಕೈ ಮರಿಯ ಕಣ್ಣಿಗೆ ಓಡುವ ಇಲಿ. ಕೈ ಬಿಟ್ಟೊಡನೆ ಎದ್ದು ಬಾಗಿಲಿಗೆ ಅಡ್ಡ ನಿಲ್ಲಿಸಿದ ಹಲಗೆ ದಾಟಿ ಆಚೆ ಹೋಗಿ. ಎಣಿಸಿ 20ರಿಂದ 30 ಸೆಕೆಂಡು. ನಿಮಿಷ ದಾಟಿತೆಂದರೆ ನೀವು ಏಕೆ ಹೋದಿರಿ ಎಂಬುದೇ ಅದಕ್ಕೆ ಮರೆತಿರುತ್ತದೆ. ವಾಪಸು ಬಂದು ಮಾತಾಡಿಸದೆ ಆಟಿಕೆ ಕೊಡಿ. ಮತ್ತೆ ಕಚ್ಚಿದರೆ ಮತ್ತೆ ಅದೇ. ನಾಲ್ಕು ಸಲವಾದರೂ ನಿಲ್ಲದಿದ್ದರೆ ಅದಕ್ಕೆ ನಿದ್ದೆ ಬಂದಿದೆ, ಇಲ್ಲವೇ ಉಚ್ಚೆಗೆ ಹೋಗಬೇಕಾಗಿದೆ. ಅಂಗಳಕ್ಕೆ ಒಯ್ದು ತಂದು ಮಲಗಿಸಿ. ‘ಕುಂಯ್’ ಎಂದು ನಾವೇ ಕೂಗುವ ಉಪಾಯ ಕೆಲವು ಮರಿಗಳಿಗೆ ನಾಟುತ್ತದೆ, ಕೆಲವು ಇನ್ನಷ್ಟು ಕೆರಳುತ್ತವೆ. ಎರಡು ದಿನ ನೋಡಿ ಬಿಟ್ಟುಬಿಡಿ.

ಸೀರೆ ಹಿಡಿದಾಗ ಜಗ್ಗಾಟ ಬೇಡ, ಕಂಬದ ಹಾಗೆ ನಿಂತುಬಿಡಿ. ನಿಂತ ಬಟ್ಟೆಯಲ್ಲಿ ರುಚಿ ಇಲ್ಲ. ಹಳೆಯ ಹತ್ತಿ ಸೀರೆಯಿಂದ ಮೂರು ಬೆರಳಗಲದ ಮೂರು ಪಟ್ಟಿ ಹರಿದು, ಬಿಗಿಯಾಗಿ ಜಡೆ ಹೆಣೆದು, ಎರಡೂ ತುದಿಗೆ ಮುಷ್ಟಿ ಗಾತ್ರದ ಗಂಟು ಹಾಕಿ. ಉದ್ದ ಎರಡೂವರೆ ಅಡಿ ಇರಲಿ, ಆಗ ನಿಮ್ಮ ಕೈಗೂ ಅದರ ಬಾಯಿಗೂ ನಡುವೆ ಜಾಗ ಉಳಿಯುತ್ತದೆ. ಇಂಥ ಮೂರು ಜಡೆ ಮಾಡಿ ಅಡುಗೆಮನೆ, ಜಗಲಿ, ಹಿತ್ತಿಲ ಬಾಗಿಲಲ್ಲಿ ಒಂದೊಂದು ತೂಗುಹಾಕಿ. ಮರಿ ನೆರಿಗೆಗೆ ಕಣ್ಣಿಡುವ ಮೊದಲೇ ಜಡೆಯನ್ನು ನೆಲದ ಮೇಲೆ ಹಾವಿನ ಹಾಗೆ ಎಳೆದರೆ ಅದು ಹರಿದಾಡುವುದರ ಹಿಂದೆ ಹೋಗುತ್ತದೆ.

ಸಂಜೆಯ ಹುಚ್ಚಿಗೆ ಕಾರಣ ಹೆಚ್ಚಾಗಿ ನಿದ್ದೆಗೇಡು. ಈ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ಮಕ್ಕಳು ಶಾಲೆಯಿಂದ ಬಂದು, ನೆಂಟರು ಬಂದು, ಎಲ್ಲರೂ ಎತ್ತಿ ಆಡಿಸಿದ ಮೇಲೆ ದೀಪ ಹಚ್ಚುವ ಹೊತ್ತಿಗೆ ಅದು ದಣಿದು ಹೋಗಿರುತ್ತದೆ. ದಣಿದ ಮರಿ ತಾನಾಗಿ ಮಲಗದು, ಕಚ್ಚುತ್ತದೆ. ಒಂದು ಗಂಟೆ ಎಚ್ಚರ, ಒಂದೂವರೆ ಎರಡು ಗಂಟೆ ನಿದ್ದೆ ಎಂಬ ಲೆಕ್ಕ ಇಟ್ಟುಕೊಳ್ಳಿ. ಜಗಲಿಯ ಮೂಲೆಯಲ್ಲಿ ಗೋಣಿ ಹಾಸಿ, ಮೂರು ಕಡೆ ಮರೆ ಮಾಡಿ, ಸಂಜೆ ಐದಕ್ಕೇ ಒಮ್ಮೆ ಮಲಗಿಸಿದರೆ ಏಳರ ರಂಪಾಟ ಅರ್ಧ ಇಳಿಯುತ್ತದೆ.

ಮೊದಲ ಮೂರು ನಾಲ್ಕು ದಿನ ಕಚ್ಚುವುದು ಹೆಚ್ಚಾಗಬಹುದು. ಇಷ್ಟು ದಿನ ಫಲ ಕೊಟ್ಟ ದಾರಿ ಮುಚ್ಚಿದಾಗ ಮರಿ ಇನ್ನೂ ಜೋರಾಗಿ ಬಾಗಿಲು ತಟ್ಟುತ್ತದೆ, ಅಷ್ಟೇ. ಸೋತು ಬಿಡಬೇಡಿ. ಮೂರು ನಾಲ್ಕು ವಾರದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, ಆದರೆ ಮನೆಯವರೆಲ್ಲ ಒಂದೇ ಕ್ರಮ ಹಿಡಿದರೆ ಮಾತ್ರ. ನಾಲ್ವರು ಎದ್ದು ಹೋಗಿ, ಒಬ್ಬ ಹುಡುಗ ಅಂಗೈ ಒಡ್ಡಿ ಕುಸ್ತಿ ಆಡಿದರೆ ಮರಿ ಹುಡುಗನ ಪಾಠವನ್ನೇ ಕಲಿಯುತ್ತದೆ.

ಪ್ರಶ್ನೆ: ನಾಲ್ಕೂವರೆ ತಿಂಗಳ ಊರ ನಾಯಿಮರಿ. ಚಪ್ಪಲಿ, ಬಾಗಿಲ ಚೌಕಟ್ಟು, ಚಾರ್ಜರ್ ವೈರು ಯಾವುದನ್ನೂ ಬಿಡುವುದಿಲ್ಲ. ಜಗಿದ ಚಪ್ಪಲಿಯ ಮೇಲೆ ರಕ್ತ ಇತ್ತು. ಆಡಲಿಕ್ಕೆ ತೆಂಗಿನ ಗರಟೆ, ಅಡಿಕೆ ಕೊಡುತ್ತೇವೆ. ತಪ್ಪೇ?
— ತೋಟಗಾರರು, ಕುಮಟಾ

ಉತ್ತರ: ರಕ್ತಕ್ಕೆ ಗಾಬರಿ ಬೇಡ. ನಾಲ್ಕನೇ ತಿಂಗಳ ಹೊತ್ತಿಗೆ ಹಾಲುಹಲ್ಲು ಉದುರಲು ಶುರುವಾಗಿ, ಆರೇಳು ತಿಂಗಳಿಗೆ 42 ಶಾಶ್ವತ ಹಲ್ಲು ಬಂದಿರುತ್ತವೆ. ಉದುರಿದ್ದನ್ನು ಮರಿ ನುಂಗಿಬಿಡುವುದೇ ಹೆಚ್ಚು, ಅದರಿಂದ ತೊಂದರೆ ಇಲ್ಲ. ಆರು ತಿಂಗಳಾದಾಗ ತುಟಿ ಎತ್ತಿ ನೋಡಿ: ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಹಳೆಯದೂ ನಿಂತಿದ್ದರೆ ಪಶುವೈದ್ಯರಿಗೆ ತೋರಿಸಬೇಕು.

ಅಡಿಕೆಯನ್ನು ಮಾತ್ರ ಇವತ್ತೇ ನಿಲ್ಲಿಸಿ. ಅದರಲ್ಲಿರುವ ಅರೆಕೋಲಿನ್ ನಾಯಿಗೆ ವಿಷ. ಜೊಲ್ಲು ಸುರಿಯುವುದು, ವಾಂತಿ, ಭೇದಿ, ಹೆಚ್ಚಾದರೆ ನಡುಕ. ಹಿಂದೆ ಇದೇ ಅರೆಕೋಲಿನ್ನನ್ನು ನಾಯಿಗಳ ಲಾಡಿಹುಳು ಬೀಳಿಸಲು ಔಷಧಿಯಾಗಿ ಕೊಡುತ್ತಿದ್ದದ್ದುಂಟು. ಹೆಚ್ಚು ಸುರಕ್ಷಿತ ಮಾತ್ರೆಗಳು ಬಂದ ಮೇಲೆ ಅದು ಹಿಂದೆ ಬಿತ್ತು. ಅಡಿಕೆ ಒಣಹಾಕಿದ ಅಂಗಳಕ್ಕೆ ಮರಿ ಬಾರದ ಹಾಗೆ ಬೇಲಿ ಇರಲಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗದ ಔಷಧಿಗೆ ತಂದ ಮೈಲುತುತ್ತ, ದ್ರಾವಣ ಕಲಸಿದ ಡ್ರಮ್ಮು, ಅದರ ಅಡಿಯಲ್ಲಿ ಉಳಿದ ನೀಲಿ ನೀರು ಇವೂ ಅದರ ನಾಲಿಗೆಗೆ ಸಿಗಬಾರದು.

ಗರಟೆಯ ತೊಂದರೆ ಬೇರೆ. ಹೆಬ್ಬೆರಳ ಉಗುರು ಒತ್ತಿದಾಗ ತುಸುವಾದರೂ ತಗ್ಗು ಬೀಳದ ವಸ್ತು ನಾಯಿಯ ಹಲ್ಲಿಗೆ ಗಟ್ಟಿ ಎಂದು ತಿಳಿಯಿರಿ. ಗರಟೆಯನ್ನು ಅಗಿಯಲು ಹೋಗಿ ಹಲ್ಲು ಸೀಳುತ್ತದೆ. ತೆಂಗಿನ ಸಿಪ್ಪೆಯ ನಾರು ಕರುಳಲ್ಲಿ ಉಂಡೆ ಕಟ್ಟಬಹುದು. ಮೇ ತಿಂಗಳಲ್ಲಿ ಅಂಕೋಲೆಯ ಇಶಾಡು ಮಾವು ತಿಂದು ಎಸೆದ ಗೊರಟು, ಹಲಸಿನ ಬೇಳೆ ಕೂಡ ಹೀಗೇ ಕರುಳಿಗೆ ಅಡ್ಡ ಕೂರುತ್ತವೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ. ಮೀನಿನ ಮುಳ್ಳು ಬಿಡಿಸಿಯೇ ಹಾಕಿ, ಉಪ್ಪು ತುಂಬಿದ ಒಣಮೀನು ಬೇಡವೇ ಬೇಡ.

ಮತ್ತೇನು ಕೊಡುವುದು? ದವಡೆಯ ಉರಿಗೆ ತಂಪು ಹಿತ. ಹಳೆಯ ಟವೆಲನ್ನು ನೀರಲ್ಲಿ ನೆನೆಸಿ, ಹಿಂಡಿ, ಹಗ್ಗದ ಹಾಗೆ ತಿರುಚಿ ಎರಡು ಗಂಟೆ ಫ್ರೀಜರಿನಲ್ಲಿಟ್ಟು ಕೊಡಿ. ಎದುರಿಗೆ ಕೂತಿರಿ, ನೂಲು ಬಿಡಲು ಶುರುವಾದರೆ ತೆಗೆಯಿರಿ. ಉಪ್ಪಿಲ್ಲದ ರಾಗಿ ಅಂಬಲಿಯನ್ನು ಬಟ್ಟಲಲ್ಲಿ ಗಟ್ಟಿ ಮಾಡಿ ನೆಕ್ಕಲು ಇಡಬಹುದು. ಅಂಗಡಿಯ ರಬ್ಬರ್ ಆಟಿಕೆ ತರುವುದಾದರೆ ಇಡಿಯಾಗಿ ಬಾಯೊಳಗೆ ಹೋಗದಷ್ಟು ದೊಡ್ಡದಿರಲಿ. ಚಾರ್ಜರನ್ನು ಪ್ಲಗ್ಗಿನಿಂದಲೇ ತೆಗೆದು ಮೇಲಿಡಿ, ಚಪ್ಪಲಿಗೊಂದು ಗೂಡು ಮಾಡಿ. ಹಳೆಯ ಚಪ್ಪಲಿ ಆಡಲು ಕೊಟ್ಟು ಹೊಸದನ್ನು ಮುಟ್ಟಬೇಡ ಎಂದರೆ ಅದಕ್ಕೆ ತಿಳಿಯುವುದಿಲ್ಲ; ಎರಡರಲ್ಲೂ ನಿಮ್ಮದೇ ವಾಸನೆ.

ಏನಾದರೂ ನುಂಗಿದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ಪ್ರಾಣಕ್ಕೆ ಬರಬಹುದು. ಉಳಿದ ತುಂಡನ್ನು ಜೊತೆಗೆ ಹಿಡಿದು ಪಶು ಆಸ್ಪತ್ರೆಗೆ ಹೋಗಿ. ಪದೇ ಪದೇ ವಾಂತಿ, ಊಟ ಬಿಡುವುದು, ಹೇಲು ಕಟ್ಟುವುದು ಕಂಡರೆ ನಾಳೆಗೆ ಇಡಬೇಡಿ.

ಪ್ರಶ್ನೆ: ಎಂಟು ತಿಂಗಳ ಗಂಡು ನಾಯಿ, 24 ಕಿಲೋ. ಬೆಲ್ ಆದರೆ ಸಾಕು, ಬಂದವರ ಎದೆಗೆ ಕಾಲು ಕೊಡುತ್ತದೆ. ಮಳೆಯಲ್ಲಿ ತಿರುಗಾಡಿಸಲು ಆಗುವುದಿಲ್ಲ, ಫ್ಲ್ಯಾಟಿನೊಳಗೇ ಚೆಂಡು ಎಸೆಯುತ್ತೇವೆ. ಬೀಜ ತೆಗೆಸಿದರೆ ಸರಿಹೋಗುತ್ತದಾ?
— ಸರ್ಕಾರಿ ನೌಕರರು, ಕಾರವಾರ

ಉತ್ತರ: ಬೀಜ ತೆಗೆಸಲು ಬೇರೆ ಕಾರಣಗಳಿವೆ, ಮೈಮೇಲೆ ಹಾರುವುದು ಅದರಿಂದ ಹೋಗುವುದಿಲ್ಲ. ಮುಖ ನೋಡಿ ಮಾತಾಡಿಸಲಿ ಎಂದು ಅದು ಹಾರುತ್ತದೆ. ‘ಇಳಿ ಇಳಿ’ ಎಂದು ಕೂಗುತ್ತ ಎರಡೂ ಕೈಯಿಂದ ತಳ್ಳಿದಾಗ ಕೇಳಿದ್ದೇ ಸಿಕ್ಕಿತು.

ಬಾಗಿಲ ಬಳಿ ಐದಾರು ಅಡಿಯ ಹಗ್ಗ ಸದಾ ತೂಗುತ್ತಿರಲಿ. ಬಾಗಿಲು ತೆಗೆಯುವ ಮೊದಲೇ ಹಗ್ಗ ಸಿಕ್ಕಿಸಿ, ನಿಮ್ಮ ಪಾದದಡಿ ಒತ್ತಿ ಹಿಡಿಯಿರಿ. ನಾಯಿ ಆರಾಮಾಗಿ ನಿಲ್ಲುವಷ್ಟು ಸಡಿಲ, ಹಾರಲಾಗದಷ್ಟು ಗಿಡ್ಡ. ಬಂದವರು ಒಳಗೆ ಕಾಲಿಟ್ಟಾಗ ಹತ್ತು ಹನ್ನೆರಡು ತಿಂಡಿ ತುಣುಕನ್ನು ನೆಲಕ್ಕೆ ಚೆಲ್ಲಿ: ಬೇಯಿಸಿದ ಮೊಟ್ಟೆ ಅಥವಾ ಕೋಳಿ, ಸಸ್ಯಾಹಾರಿ ಮನೆಯಾದರೆ ಪನೀರು, ಬೇಯಿಸಿದ ಗೆಣಸು. ಒಂದೊಂದೂ ಕಡಲೆಕಾಳಿನಷ್ಟು ಸಾಕು. ಮೂಗು ಕೆಳಗಿರುವಾಗ ಕಾಲು ಮೇಲೇಳದು. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ತಲೆ ಸವರಿ.

ನೆಂಟರು ಬಂದ ದಿನ ಕಲಿಸಲು ಕೂತರೆ ಕೆಡುತ್ತದೆ. ಮನೆಯವರೇ ಒಬ್ಬರು ಹೊರಗೆ ಹೋಗಿ ಹತ್ತು ನಿಮಿಷದಲ್ಲಿ ಎಂಟು ಸಲ ಬೆಲ್ ಒತ್ತಿ ಒಳಗೆ ಬರಲಿ. ಮೊದಲೆರಡು ಸಲ ಗಲಾಟೆ, ಆರನೆಯದಕ್ಕೆ ಬೇಜಾರು ಬಂದಿರುತ್ತದೆ. ಆ ಬೇಜಾರೇ ನಮಗೆ ಬೇಕಾದದ್ದು. ಅಜ್ಜಿ, ಅಜ್ಜ, ಬಸುರಿ, ಎಳೆಮಗು ಬಂದಾಗ ಪ್ರಯೋಗ ಬೇಡ, ನಾಯಿ ಬಾಗಿಲಾಚೆಯ ಕೋಣೆಯಲ್ಲೇ ಇರಲಿ. 24 ಕಿಲೋ ಮೈಮೇಲೆ ಬಿದ್ದರೆ ವಯಸ್ಸಾದವರ ಸೊಂಟದ ಮೂಳೆ ಮುರಿಯಲು ಅಷ್ಟು ಸಾಕು.

ಟೈಲ್ಸಿನ ಮೇಲೆ ಚೆಂಡು ಎಸೆಯುವುದನ್ನು ಬಿಡಿ. ಬೆಳೆಯುವ ಕೀಲುಗಳಿಗೆ ಜಾರಾಟ ಕೆಟ್ಟದ್ದು, ನಾಯಿಯೂ ತಣಿಯುವ ಬದಲು ಕೆರಳುತ್ತದೆ. ಮಳೆ ದಿನಕ್ಕೆ ಮೂಗಿನ ಕೆಲಸ ಕೊಡಿ. ಬೆಳಗಿನ ಊಟದ ಅರ್ಧವನ್ನು ದಪ್ಪ ಟವೆಲಿನಲ್ಲಿ ಸುತ್ತಿ ಸಡಿಲ ಗಂಟು ಹಾಕಿ, ಬಿಚ್ಚಿ ತಿನ್ನಲಿ. ಸಂಜೆ ಕೋಣೆಯ ಹತ್ತು ಕಡೆ ಕಾಳು ಅಡಗಿಸಿ ‘ಹುಡುಕು’ ಎನ್ನಿ. ಹತ್ತು ನಿಮಿಷ ಮೂಸಿ ಹುಡುಕಿದ ನಾಯಿ ಹೋಗಿ ಮಲಗುತ್ತದೆ. ಮಳೆ ಬಿಟ್ಟಾಗ ಟ್ಯಾಗೋರ್ ಬೀಚಿಗೆ ಒಯ್ದರೆ ಉದ್ದ ಹಗ್ಗದಲ್ಲೇ ಇರಲಿ. ಬಲೆಯ ಚೂರು, ಗಾಳ ಮರಳಲ್ಲಿ ಹುದುಗಿರುತ್ತವೆ. ಕುಡಿಯುವ ನೀರು ಜೊತೆಗಿರಲಿ, ಸಮುದ್ರದ ನೀರು ಕುಡಿದರೆ ವಾಂತಿ ಭೇದಿ. ಮನೆಗೆ ಬಂದು ಬೆರಳ ಸಂದಿ ಒರೆಸಿ.

ಪ್ರಶ್ನೆ: ಎರಡು ತಿಂಗಳ ಮರಿ ಆಟದಲ್ಲಿ ಮಗನ ಕೈ ಗೀರಿತು, ಎರಡು ಹನಿ ರಕ್ತ ಬಂತು. ಮನೆಯ ಮರಿಯಲ್ಲವೇ, ಸೂಜಿ ಬೇಕಾ?
— ಓದುಗರು, ಹೊನ್ನಾವರ

ಉತ್ತರ: ಇದನ್ನು ಓದುತ್ತ ಕೂರಬೇಡಿ. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಯವಾಗಿ ದಿನ ಕಳೆದಿದ್ದರೂ ಹೋಗಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಮರಿಗೆ ರೇಬೀಸ್ ಲಸಿಕೆ ಹಾಕುವುದು ಮೂರು ತಿಂಗಳಿಗೆ. ನಿಮ್ಮದಕ್ಕೆ ಇನ್ನೂ ಆಗಿಲ್ಲ, ತಾಯಿಗೆ ಆಗಿತ್ತೋ ಇಲ್ಲವೋ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯಗಳ ಸೂಜಿ) ಕೂಡ ಬೇಕಾಗುತ್ತದೆ, ವೈದ್ಯರಲ್ಲಿ ಕೇಳಿ. ಹತ್ತು ದಿನ ಮರಿಯನ್ನು ನೋಡಿ ಆಮೇಲೆ ಸೂಜಿ ಎಂಬುದು ತಪ್ಪು. ಸೂಜಿ ಶುರು ಮಾಡಿಯೇ ಹತ್ತು ದಿನ ನೋಡುವುದು. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಪ್ರಶ್ನೆ: ಏಳು ತಿಂಗಳ ನಾಯಿ ಚಪ್ಪಲಿ ಕದ್ದು ಮಂಚದಡಿ ಸೇರುತ್ತದೆ. ತೆಗೆಯಲು ಹೋದರೆ ಗುರ್ ಎನ್ನುತ್ತದೆ, ಮೊನ್ನೆ ಬಾಯಿ ಹಾಕಿತು. ಹಗಲು ಸರಪಳಿಯಲ್ಲಿ ಕಟ್ಟಿ, ರಾತ್ರಿ ಅಂಗಳಕ್ಕೆ ಬಿಡುತ್ತೇವೆ.
— ಕೃಷಿಕರು, ಸಿದ್ದಾಪುರ

ಉತ್ತರ: ಇದು ಮೊದಲ ಪತ್ರದ ಆಟದ ಕಚ್ಚಾಟವಲ್ಲ. ಆಟದಲ್ಲಿ ಮೈ ಸಡಿಲ, ಮುಂಗಾಲು ಬಗ್ಗಿಸಿ ಹಿಂಭಾಗ ಎತ್ತಿರುತ್ತದೆ. ವಸ್ತು ಕಾಯುವ ನಾಯಿ ಮೈ ಬಿಗಿ ಮಾಡಿ, ತಲೆ ವಸ್ತುವಿನ ಮೇಲೆ ತಗ್ಗಿಸಿ, ಕಣ್ಣಂಚಿನ ಬಿಳಿ ತೋರಿಸುತ್ತ ಅಲ್ಲಾಡದೆ ನಿಲ್ಲುತ್ತದೆ. ಗುರ್ ಎಂದದ್ದಕ್ಕೆ ಬೈಯಬೇಡಿ. ಅದು ನಿಮಗೆ ಕೊಟ್ಟ ಎಚ್ಚರಿಕೆ. ಬೈದರೆ ಎಚ್ಚರಿಕೆ ನಿಲ್ಲುತ್ತದೆ, ಕಚ್ಚುವುದು ಉಳಿಯುತ್ತದೆ.

ಮಂಚದಡಿ ಕೈ ಹಾಕುವುದನ್ನು ಮನೆಯವರೆಲ್ಲ ಇಂದೇ ಬಿಡಬೇಕು. ಆರು ಅಡಿ ದೂರದಲ್ಲಿ ಒಳ್ಳೆಯ ತಿಂಡಿ ಚೆಲ್ಲಿ, ನಾಯಿ ತಾನಾಗಿ ಹೊರಗೆ ಬಂದು ತಿನ್ನುತ್ತ ಆಚೆ ಕೋಣೆಗೆ ಹೋದ ಮೇಲೆ ಚಪ್ಪಲಿ ಎತ್ತಿ. ಬೇರೆ ಹೊತ್ತಿನಲ್ಲಿ ವಿನಿಮಯ ಕಲಿಸಿ: ಅದಕ್ಕೆ ಅಷ್ಟೇನೂ ಬೇಡದ ಬಟ್ಟೆ ತುಂಡು ಬಾಯಲ್ಲಿದ್ದಾಗ ‘ಬಿಡು’ ಎಂದು ಮೂಗಿನ ಮುಂದೆ ಪನೀರು ಹಿಡಿಯಿರಿ, ಬಿಟ್ಟೊಡನೆ ಪನೀರು ಕೊಟ್ಟು ಬಟ್ಟೆಯನ್ನೂ ವಾಪಸು ಕೊಡಿ. ವಾಪಸು ಕೊಡುವುದೇ ಇದರ ಜೀವಾಳ. ಬಿಟ್ಟರೆ ಕಳೆದುಹೋಗುತ್ತದೆ ಎಂಬ ಭಯದಿಂದಲೇ ಅದು ಗುರುಗುಟ್ಟುವುದು. ದಿನಕ್ಕೆ ಐದಾರು ಸಲ, ಎರಡು ವಾರ ಕಳೆದ ಮೇಲೆ ತುಸು ಇಷ್ಟದ ವಸ್ತುವಿಗೆ ಹೋಗಿ. ಊಟ ಮಾಡುವಾಗ ಮಕ್ಕಳು ಹತ್ತಿರ ಸುಳಿಯಬಾರದು. ಈ ಸ್ವಭಾವ ಇದ್ದಕ್ಕಿದ್ದಂತೆ ಬಂದಿದ್ದರೆ ಕಿವಿ, ಹಲ್ಲು, ಕೀಲಿನ ನೋವು ಇರಬಹುದು. ಪಶುವೈದ್ಯರು ಮೊದಲು ಮೈ ಪರೀಕ್ಷಿಸಲಿ. ಮೊನ್ನೆ ಬಾಯಿ ಹಾಕಿದಾಗ ಚರ್ಮ ಗೀರಿದ್ದರೆ ಹೊನ್ನಾವರದವರಿಗೆ ಹೇಳಿದ್ದೇ ನಿಮಗೂ.

ಸರಪಳಿಯ ಬಗ್ಗೆ ಎರಡು ಮಾತು. ಹಗಲೆಲ್ಲ ಆರಡಿಯಲ್ಲಿ ಸುತ್ತಿದ ನಾಯಿ ದಾರಿಹೋಕರನ್ನೆಲ್ಲ ಕಂಡು ಉರಿಯುತ್ತದೆ, ಅದರಿಂದ ಕಾವಲು ಗಟ್ಟಿಯಾಗುವುದಿಲ್ಲ. ರಾತ್ರಿ ಅಂಗಳದಲ್ಲಿ ಬಿಟ್ಟ ನಾಯಿ ನಿಮ್ಮ ಕಡೆ ಚಿರತೆಗೆ ಸುಲಭದ ತುತ್ತು. ಕತ್ತಲಾದ ಮೇಲೆ ಒಳಗೆ, ಚಿಲಕವಿರುವ ಬಾಗಿಲ ಹಿಂದೆ ಮಲಗಿಸಿ. ಹಗಲು ಕಟ್ಟಲೇಬೇಕಾದರೆ ಎರಡು ಕಂಬದ ನಡುವೆ 20 ಅಡಿ ತಂತಿ ಬಿಗಿದು, ಅದರ ಮೇಲೆ ಬಳೆ ಜಾರುವ ಹಾಗೆ ಹಗ್ಗ ಕಟ್ಟಿ. ಕಂಬಕ್ಕೆ ಸುತ್ತಿಕೊಳ್ಳದ ಹಾಗೆ ಎರಡೂ ತುದಿಯಲ್ಲಿ ನಾಲ್ಕಡಿ ಬಿಟ್ಟು ತಂತಿಗೆ ತಡೆ ಹಾಕಿ, ನೆರಳೂ ನೀರೂ ಅದರ ಓಡಾಟದೊಳಗೇ ಸಿಗುವಂತೆ ಇಡಿ.